ಹೆಸರಳಿದ ಭಾವಚಿತ್ರಗಳು



ತುಮಕೂರಿನಲ್ಲಾಗಲಿ ಗುಬ್ಬಿ ಕುಣಿಗಲುಗಳಲ್ಲಾಗಲಿ ಹಳೆಯ ತೊಟ್ಟಿಮನೆಯನ್ನು ಕೆಡಹುವಾಗ ಕಂಬ ಬಾಗಿಲುಗಳಿಗೆ ಬೆಲೆ ಕಟ್ಟುವವರುಂಟು. ಗೋಡೆಯ ಭಾವಚಿತ್ರಗಳಿಗೆ ಕಟ್ಟುವವರಿಲ್ಲ. ಅವು ಗುಜರಿಯವನ ಪಾಲಾಗುವುವು. ಅಲ್ಲಿಯೂ ಬೆಲೆಯಿರುವುದು ಚೌಕಟ್ಟಿಗೂ ಗಾಜಿಗೂ. ವಿಭೂತಿ ಧರಿಸಿ, ಎದೆಯ ಮೇಲೆ ಕರಡಿಗೆಯೊಡನೆ ಕುಳಿತ ಹಿರಿಯನಿಗಲ್ಲ.

ಇಂಥ ಚಿತ್ರವನ್ನು ಉಳಿಸಿದರೆ ಅರ್ಧ ಕಾರ್ಯವಾದಂತೆ. ಅದು ತನ್ನ ಮನೆತನವನ್ನು ಸೇರಬೇಕು. 2011ನೆಯ ಮಾರ್ಚ್ ತಿಂಗಳಲ್ಲಿ ಜಪಾನಿನ ಊರುಗಳನ್ನು ಕಡಲು ನುಂಗಿದ ಬಳಿಕ, ಯಮಾಮೊಟೊ ಎಂಬ ಒಂದೇ ಪಟ್ಟಣದಲ್ಲಿ ಸುಮಾರು 7,50,000 ಚಿತ್ರಗಳನ್ನು ಹೆಕ್ಕಿ, ತೊಳೆದು, ಒಣಗಿಸಿ, ಜನರೆದುರು ಇರಿಸಿದರು. ಮನೆಮಠ ಕಳೆದುಕೊಂಡವರು ಬಂದು ತಮ್ಮವರ ಮುಖಗಳನ್ನು ಅರಸಿದರು. ಈ ಸೀಮೆಗೆ ಅಂಥ ಪ್ರಳಯ ಬಂದಿಲ್ಲ. ಪಾಲುಪಾರೀಕತ್ತೇ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವುದು.

ಗುರುತು ಹಿಡಿಯುವ ಬಗೆ ಸುಲಭವಲ್ಲ. ರಟ್ಟಿನ ಮೇಲೆ ಛಾಯಾಗ್ರಾಹಕನ ಮುದ್ರೆಯಿದ್ದರೆ ಊರು ತಿಳಿದೀತು. ಕುರ್ಚಿ, ಹಿಂದಣ ಪರದೆ, ಕೆಲವೊಮ್ಮೆ ತೊಟ್ಟ ಕೋಟು ಕೂಡ ಅವನದೇ ಆಗಿರುವುದುಂಟು. ಅವುಗಳಿಂದ ಮನೆತನದ ಸಿರಿಯನ್ನು ಅಳೆಯಲಾಗದು. ಗುಬ್ಬಿಯ ಚಿತ್ರಗಳಲ್ಲಿ ಇನ್ನೊಂದು ತೊಡಕುಂಟು. 1884ರಲ್ಲಿ ಹುಟ್ಟಿ, ವೀರಣ್ಣನವರ (1891-1972) ಕಾಲದಲ್ಲಿ ನಾಡೆಲ್ಲ ಸಂಚರಿಸಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘದ ಮೊದಲ ದಿನಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದರು. ಅಂಥದೊಂದು ಚಿತ್ರ ದೊರೆತರೆ ಮೊಮ್ಮಕ್ಕಳು ಅಜ್ಜಿಯನ್ನು ಹುಡುಕಿಯಾರು, ಕುಳಿತಿರುವವನು ತಾತ!

ನಿಜವಾದ ಅಜ್ಜಿಯರ ಪಾಡಾದರೋ ಬೇರೆ. ಗಂಡಸರ ಹೆಸರನ್ನು ಬರೆಯಿಸಿದ ಮನೆಗಳಲ್ಲಿಯೂ ಪಕ್ಕದಲ್ಲಿ ನಿಂತ ಹೆಂಗಸಿನ ಹೆಸರನ್ನು ಬರೆಯಿಸಿದುದು ವಿರಳ. ಆ ಹೆಸರು ಉಳಿದಿರುವುದು ವೃದ್ಧೆಯರ ಬಾಯಲ್ಲಿ ಮಾತ್ರ. ತವರಿನ ಬಳ್ಳಿ, ಗಂಡನ ಮನೆಯ ಬಳ್ಳಿ ಎರಡನ್ನೂ ಬಲ್ಲವರು ಅವರೇ. ಅವರಾದರೋ ವರ್ಷವರ್ಷಕ್ಕೂ ಕಡಮೆಯಾಗುತ್ತಿರುವರು.

ಆದುದರಿಂದ ಈ ಕಾರ್ಯಕ್ಕೆ ಮಠಗಳೂ ಜಾತ್ರೆಗಳೂ ತಕ್ಕ ಸ್ಥಳಗಳು. ಸಿದ್ಧಗಂಗೆಯ ಶಿವರಾತ್ರಿ, ಗುಬ್ಬಿಯ ಚನ್ನಬಸವೇಶ್ವರ ರಥೋತ್ಸವ, ಕುಣಿಗಲು ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರರ ಜಾತ್ರೆ, ಇವುಗಳಿಗೆ ಚದರಿಹೋದ ಮನೆತನಗಳು ತಾವಾಗಿಯೇ ಬರುವುವು. ದಾಸೋಹದ ಬಳಿ, ಮುದುಕಿಯರ ಕಣ್ಣಿಗೆ ನಿಲುಕುವಷ್ಟು ಎತ್ತರದಲ್ಲಿ, ದೊಡ್ಡದಾಗಿಸಿದ ಪ್ರತಿಗಳನ್ನು ತೂಗುಹಾಕಬೇಕು. ಅವರು ನುಡಿದುದನ್ನು ಆ ದಿನವೇ ಬರೆದಿಡಬೇಕು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಬಾರದು. ಕಿತ್ತರೆ ಮುಖವು ಗಾಜಿನಲ್ಲಿಯೇ ಉಳಿದೀತು. ಗಾಜಿನೊಡನೆಯೇ ಪ್ರತಿ ತೆಗೆಯುವುದು ಲೇಸು.

ಒಂದೇ ಚಿತ್ರಕ್ಕೆ ಅಣ್ಣತಮ್ಮಂದಿರ ಸಂತತಿಗಳೆರಡೂ ಕೈಚಾಚಿದರೆ ಪ್ರತಿಯು ಇಬ್ಬರಿಗೂ ಸಲ್ಲಲಿ. ಮೂಲವು ಮಾತ್ರ ಚಿತ್ರದೊಳಗಿನ ಹೆಂಗಸರ ಹೆಸರುಗಳನ್ನು ಹೇಳಬಲ್ಲ ಮನೆಗೆ ಸೇರತಕ್ಕದ್ದು.