ಟೊಂಕನೋವಿಗೆ ಗುಳಿಗೆಯೊಂದೇ ದಾರಿಯೇ?



ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳ ಕೆಲಸ ನಿಮಗೆ ಗೊತ್ತೇ ಇದೆ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯ ದಿನಗಳಲ್ಲಿ ಚಪ್ಪರದ ಕೆಳಗೆ ಕತ್ತೆತ್ತಿ, ಕೈಯೆತ್ತಿ ನಿಲ್ಲಬೇಕು. ಸುಗ್ಗಿಯಲ್ಲಿ ಬಗ್ಗಿ ಕ್ರೇಟು ಎತ್ತಬೇಕು. ವಿಜಯಪುರ ನಗರದಲ್ಲಿ ಮೂಟೆ ಹೊರುವ ಹಮಾಲರಿಗೂ, ದಿನವಿಡೀ ಕುರ್ಚಿಯಲ್ಲಿ ಕೂರುವ ನೌಕರರಿಗೂ ಕೊನೆಗೆ ಬರುವುದು ಅದೇ ಟೊಂಕನೋವು. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಈ ನೋವಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ದಿನಗೂಲಿಯವರಿಗೆ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ಕೆಲಸಕ್ಕೆ ಹೋಗುವುದು ರೂಢಿಯಾಗಿಬಿಟ್ಟಿದೆ. ಆದರೆ ಆ ಗುಳಿಗೆ ಯಾವುದು?

ಡೈಕ್ಲೋಫೆನ್ಯಾಕ್‌ನಂತಹ ಗುಳಿಗೆಗಳು ನೋವು ಮತ್ತು ಬಾವು ಇಳಿಸುತ್ತವೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಬಿಸಿಲಿನಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೆ ಈ ಅಪಾಯ ಹೆಚ್ಚು. ಇನ್ನೊಂದು ಬಗೆ ಟ್ರಮಡಾಲ್. ಇದು ಅಫೀಮಿನ ಗುಣವುಳ್ಳ ಔಷಧಿಗಳ ಗುಂಪಿಗೆ ಸೇರಿದ್ದು. ಪ್ಯಾರಾಸಿಟಮಾಲ್ ಜೊತೆ ಸೇರಿಸಿದ ಗುಳಿಗೆಗಳಲ್ಲಿಯೂ ಇದು ಬರುತ್ತದೆ. ಮಂಪರು, ಮಲಬದ್ಧತೆ ತರುತ್ತದೆ. ದಿನ ಕಳೆದಂತೆ ದೇಹ ಅದಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಮಾದಕ ವಸ್ತುಗಳ ಕಾಯ್ದೆಯ ಅಡಿಗೆ ತಂದಿತು.

ಅಷ್ಟಾಗಿಯೂ ಇಂತಹ ಔಷಧಿಯಿಂದ ಟೊಂಕನೋವು ಗುಣವಾಗುತ್ತದೆಯೇ? 2023ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೊಸದಾಗಿ ಬೆನ್ನು ಅಥವಾ ಕತ್ತು ನೋವು ಬಂದ 347 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಫೀಮು ಗುಂಪಿನ ಗುಳಿಗೆ, ಇನ್ನೊಂದಕ್ಕೆ ಔಷಧಿಯಿಲ್ಲದ ಬರೀ ಗುಳಿಗೆ ಕೊಟ್ಟರು. ಆರು ವಾರಗಳ ನಂತರ ಇಬ್ಬರ ನೋವಿನಲ್ಲೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ದೀರ್ಘಕಾಲದ ಟೊಂಕನೋವಿಗೆ ಈ ಔಷಧಿಗಳು ಬೇಡ ಎಂದಿತು. ಟೊಂಕಕ್ಕೆ ಬೆಲ್ಟು ಕಟ್ಟುವುದನ್ನೂ ವಾಡಿಕೆಯ ಚಿಕಿತ್ಸೆಯಾಗಿ ಅದು ಒಪ್ಪಲಿಲ್ಲ.

ಹಾಗಾದರೆ ಕೈಯಿಂದ ಮಾಡುವ ಚಿಕಿತ್ಸೆ? ನಮ್ಮಲ್ಲಿ ಎಣ್ಣೆ ತಿಕ್ಕಿ ಉಳುಕು ತೆಗೆಯುವವರಿದ್ದಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕಕ್ಕೆ ಒದೆಸಿಕೊಳ್ಳುವ ನಂಬಿಕೆಯೂ ಇದೆ. ಅಮೆರಿಕದಲ್ಲಿ 1895ರಲ್ಲಿ ಡೇನಿಯಲ್ ಡೇವಿಡ್ ಪಾಮರ್ ಆರಂಭಿಸಿದ ಕೈರೋಪ್ರಾಕ್ಟಿಕ್ ಎಂಬ ಪದ್ಧತಿಯಲ್ಲಿ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುತ್ತಾರೆ. ಅಲ್ಲಿನ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಟೊಂಕನೋವಿದ್ದವರ ದಾಖಲೆ ನೋಡಿದಾಗ, ಈ ಚಿಕಿತ್ಸೆ ಪಡೆದವರು ಅಫೀಮು ಗುಂಪಿನ ಔಷಧಿ ಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಶೇಕಡಾ 55ರಷ್ಟು ಕಡಿಮೆಯಿತ್ತು ಎಂಬ ವರದಿ 2018ರಲ್ಲಿ ಬಂತು. ಆದರೆ ಇಷ್ಟರಿಂದಲೇ ಕೈಚಿಕಿತ್ಸೆ ಗುಳಿಗೆ ಬಿಡಿಸಿತು ಎನ್ನಲಾಗದು. ಮೊದಲಿನಿಂದಲೂ ಗುಳಿಗೆ ಬೇಡವೆನ್ನುವವರೇ ಅತ್ತ ಹೋಗಿರಬಹುದು.

ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಚಿಕಿತ್ಸೆಗಳಲ್ಲಿ ವ್ಯಾಯಾಮ, ಅಂಗಮರ್ದನ, ತರಬೇತಿ ಪಡೆದವರು ಬೆನ್ನುಮೂಳೆಗೆ ಮಾಡುವ ಕೈಚಿಕಿತ್ಸೆ ಸೇರಿವೆ. ತರಬೇತಿ ಎಂಬ ಮಾತನ್ನು ಮರೆಯಬಾರದು. ಬೆನ್ನುಮೂಳೆಯ ಕ್ಷಯ, ಕ್ಯಾನ್ಸರ್ ಇದ್ದವರಿಗೆ, ಮೂಳೆ ಸವೆದ ವೃದ್ಧರಿಗೆ ಜೋರಾಗಿ ಒತ್ತಿದರೆ, ಒದ್ದರೆ ಮೂಳೆಯೇ ಮುರಿಯಬಹುದು. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ, ನಂತರ ಫಿಸಿಯೋಥೆರಪಿಸ್ಟರ ಬಳಿ ಹೋಗಿ. ವಿಜಯಪುರದ ಜಿಲ್ಲಾ ಆಸ್ಪತ್ರೆಯಿದೆ, ಬಿ.ಎಲ್.ಡಿ.ಇ. ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ. ನೋವಿನ ಜೊತೆ ಜ್ವರ ಬಂದರೆ, ತೂಕ ಇಳಿದರೆ ಅಥವಾ ಬಿದ್ದ ಮೇಲೆ ನೋವು ಬಂದರೆ ತಪ್ಪದೆ ಪರೀಕ್ಷೆ ಮಾಡಿಸಿ.

ಉಳಿದಂತೆ ಹೊಸ ಟೊಂಕನೋವು ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿಯಬೇಡಿ, ಆದಷ್ಟು ನಡೆದಾಡಿ. ಬಿಸಿನೀರಿನ ಶಾಖ ಕೊಡಿ. ಭಾರವನ್ನು ಮೈಗೆ ಹತ್ತಿರ ಹಿಡಿದು, ಮೊಣಕಾಲು ಮಡಚಿ ಎತ್ತಿ. ತೋಟದ ಮಾಲೀಕರಿಗೂ ಒಂದು ಮಾತು: ಕ್ರೇಟು ಎತ್ತುವವರನ್ನು ಆಗಾಗ ಬೇರೆ ಕೆಲಸಕ್ಕೆ ಬದಲಿಸಿ, ಕುಡಿಯುವ ನೀರನ್ನು ಹತ್ತಿರದಲ್ಲೇ ಇಡಿ.

ಮನೆಯಲ್ಲಿರುವ ಗುಳಿಗೆಯ ಪಟ್ಟಿಯನ್ನು ಇಂದೇ ತೆಗೆದು, ಹೆಸರು ಓದಿ ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ. ಟ್ರಮಡಾಲ್ ಎಂದಿದ್ದು, ಬಹಳ ದಿನಗಳಿಂದ ನುಂಗುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಅದನ್ನು ಬಿಡಲಾಗದಿದ್ದರೆ ನಾಚಿಕೆ ಬೇಡ. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.