4 ಜಿಬಿ ಫೋನು, 512 ಜಿಬಿ ಭರವಸೆ

ಇವತ್ತು ನಿಮ್ಮ ಕೈಯಲ್ಲಿರೋ ಫೋನು ಹೇಳೋ ಒಂದು ದೊಡ್ಡ ಸುಳ್ಳಿನ ಬಗ್ಗೆ ಮಾತಾಡ್ತೀನಿ. ನಿಮ್ಮದು 4 ಜಿಬಿ ರ‍್ಯಾಮ್ ಇರೋ ಆಂಡ್ರಾಯ್ಡ್ ಫೋನ್ ಅಂತ ಇಟ್ಕೊಳ್ಳಿ. ಆಂಡ್ರಾಯ್ಡ್ ಒಳಗೆ ಕೂತಿರೋದು ಲಿನಕ್ಸ್ ಕರ್ನಲ್. ಫೋನಿನ ಯಜಮಾನ ಅದೇ. ಅದು ಒಂದೊಂದು 64 ಬಿಟ್ ಆ್ಯಪ್‌ಗೂ ಸಾಮಾನ್ಯವಾಗಿ ಹೇಳೋದು: "ನಿನಗೆ 512 ಜಿಬಿ ಜಾಗ ಇದೆ, ಆರಾಮಾಗಿರು." ವಾಟ್ಸ್‌ಆ್ಯಪ್‌ಗೂ ಅದೇ ಮಾತು, ಯೂಟ್ಯೂಬ್‌ಗೂ ಅದೇ ಮಾತು, ಪುಟಾಣಿ ಟಾರ್ಚ್ ಆ್ಯಪ್‌ಗೂ ಅದೇ ಮಾತು.

ಇರೋದು 4 ಜಿಬಿ. ಎಲ್ಲಿಂದ ಕೊಡುತ್ತೆ?

ಹಬ್ಬದ ಹಿಂದಿನ ದಿನ ಬಸ್‌ಸ್ಟ್ಯಾಂಡ್‌ನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋದನ್ನ ನೋಡಿದ್ದೀರಲ್ಲ, ಹಾಗೆ. ಆ್ಯಪ್ ಬಂದು "ನನಗೆ 100 ಎಂಬಿ ಬೇಕು" ಅನ್ನುತ್ತೆ. ಈ ಕೋರಿಕೆಗೆ ಎಂಮ್ಯಾಪ್ ಅಂತ ಹೆಸರು. ಕರ್ನಲ್ "ಆಯ್ತು, ಈ ವಿಳಾಸದಿಂದ ಆ ವಿಳಾಸದವರೆಗೆ ನಿಂದು" ಅಂತ ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತೆ, ಅಷ್ಟೇ. ಟವೆಲ್ ಬಿತ್ತು. ಆ 100 ಎಂಬಿಯಲ್ಲಿ ಒಂದು ಬೈಟ್ ರ‍್ಯಾಮ್ ಕೂಡ ಇನ್ನೂ ಕೊಟ್ಟಿಲ್ಲ.

ಆ್ಯಪ್ ನಿಜವಾಗಿ ಬಂದು ಕೂತಾಗ, ಅಂದ್ರೆ ಆ ವಿಳಾಸದಲ್ಲಿ ಮೊದಲ ಸಲ ಏನಾದ್ರೂ ಬರೆಯೋಕೆ ಹೋದಾಗ, ಪ್ರೊಸೆಸರ್ ಪೇಜ್ ಟೇಬಲ್ ತೆಗೆದು ನೋಡುತ್ತೆ. ಪೇಜ್ ಟೇಬಲ್ ಅಂದ್ರೆ ಆ್ಯಪ್‌ನ ಯಾವ ವಿಳಾಸ ರ‍್ಯಾಮ್‌ನ ಯಾವ ಜಾಗಕ್ಕೆ ಸೇರಿದ್ದು ಅನ್ನೋ ಲೆಕ್ಕದ ಪುಸ್ತಕ. ಪ್ರತಿ ಆ್ಯಪ್‌ಗೂ ಬೇರೆ ಬೇರೆ ಪುಸ್ತಕ. ಅಲ್ಲಿ ಆ ಸಾಲು ಖಾಲಿ ಇದ್ರೆ ಪ್ರೊಸೆಸರ್ ಕೆಲಸ ನಿಲ್ಲಿಸಿ ಕರ್ನಲ್‌ನ ಕರೆಯುತ್ತೆ. ಇದಕ್ಕೆ ಪೇಜ್ ಫಾಲ್ಟ್ ಅಂತಾರೆ. ಹೆಸರಲ್ಲಿ ಫಾಲ್ಟ್ ಇದ್ರೂ ತಪ್ಪೇನೂ ನಡೆದಿಲ್ಲ, ದಿನವಿಡೀ ನಡೆಯೋ ಕೆಲಸ ಇದು. ಕರ್ನಲ್ ಟವೆಲ್ ಪಟ್ಟಿ ನೋಡುತ್ತೆ. ಹೌದು, ಸೀಟು ಇವನದೇ ಅಂತಾದ್ರೆ ಖಾಲಿ ಇರೋ 4 ಕೆಬಿ ತುಂಡೊಂದನ್ನ ತಂದು, ಅದರ ತುಂಬಾ ಸೊನ್ನೆ ಬರೆದು, ಪುಸ್ತಕದಲ್ಲಿ ಆ ಸಾಲು ತುಂಬುತ್ತೆ. ಸೊನ್ನೆ ಯಾಕೆ ಅಂದ್ರೆ, ಆ ತುಂಡಿನಲ್ಲಿ ಸ್ವಲ್ಪ ಹೊತ್ತಿನ ಹಿಂದೆ ನಿಮ್ಮ ಬ್ಯಾಂಕ್ ಆ್ಯಪ್‌ನ ಗುಟ್ಟೇನಾದ್ರೂ ಇದ್ದಿರಬಹುದು. ಟವೆಲ್ಲೇ ಹಾಕದ ಸೀಟಲ್ಲಿ ಕೂರೋಕೆ ಬಂದ್ರೆ? ಆ್ಯಪ್ ಕ್ರ್ಯಾಶ್. ಅಷ್ಟೇ.

ಟವೆಲ್ ಹಾಕಿದವರೆಲ್ಲ ಒಟ್ಟಿಗೆ ಬಂದು ಕೂತರೆ ಏನು ಗತಿ ಅಂತ ಕೇಳಬಹುದು. ಆಗ ಕರ್ನಲ್ ಕೆಲವು ಪೇಜ್‌ಗಳನ್ನ ಹಿಂಡಿ ಚಿಕ್ಕದು ಮಾಡಿ ರ‍್ಯಾಮ್‌ನ ಒಂದು ಮೂಲೆಯಲ್ಲೇ ಇಡುತ್ತೆ, ಫೈಲ್‌ನಿಂದ ಮತ್ತೆ ಓದಬಹುದಾದ್ದನ್ನ ಬಿಸಾಕುತ್ತೆ. ಅದೂ ಸಾಲದಾದ್ರೆ ಹಿಂದೆ ಕೂತಿರೋ ಆ್ಯಪ್‌ಗಳನ್ನ ಆಂಡ್ರಾಯ್ಡ್ ಒಂದೊಂದಾಗಿ ಮುಗಿಸುತ್ತೆ. ಅರ್ಜಿ ತುಂಬ್ತಾ ತುಂಬ್ತಾ ಓಟಿಪಿ ನೋಡೋಕೆ ಹೋಗಿ ಬರೋಷ್ಟರಲ್ಲಿ ಅರ್ಜಿ ಖಾಲಿಯಾಗಿರುತ್ತಲ್ಲ, ಹಲವು ಸಲ ಅದಕ್ಕೆ ಕಾರಣ ಇದೇ.

ಈ ಪುಸ್ತಕದ ಗಾತ್ರದ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು, ನನಗೆ ತುಂಬಾ ಇಷ್ಟ ಅದು. 512 ಜಿಬಿಯನ್ನ 4 ಕೆಬಿ ತುಂಡು ಮಾಡಿದ್ರೆ ಸುಮಾರು 13.4 ಕೋಟಿ ಸಾಲು. ಒಂದು ಸಾಲಿಗೆ 8 ಬೈಟ್. ಒಟ್ಟು 1 ಜಿಬಿ! ಒಂದು ಟಾರ್ಚ್ ಆ್ಯಪ್‌ನ ಲೆಕ್ಕ ಬರೆಯೋಕೇ 1 ಜಿಬಿ ರ‍್ಯಾಮ್ ಹೋದ್ರೆ ಬದುಕೋದು ಹೇಗೆ? ಅದಕ್ಕೇ ಪುಸ್ತಕವನ್ನ ಮೂರು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ 512 ಸಾಲು, ಒಂದೊಂದು ಸಾಲೂ ಎರಡನೇ ಹಂತದ ಒಂದು ಹಾಳೆಯನ್ನ ತೋರಿಸುತ್ತೆ, ಅಲ್ಲಿಂದ ಮೂರನೆಯದು. ಬಳಸದ ಜಾಗಕ್ಕೆ ಹಾಳೆಯೇ ಇಲ್ಲ. ಹಾಳೆ ಕೂಡ ಬೇಕಾದಾಗ ಮಾತ್ರ ಹುಟ್ಟುತ್ತೆ.

ಈಗ ನಾನು ಹೇಳಬೇಕು ಅಂತ ಬಂದ ಕಥೆ. ಇದು ಜೆರಾಕ್ಸ್ ಕಥೆ.

ಹಾಸ್ಟೆಲ್‌ನಲ್ಲಿ ಒಂದೇ ನೋಟ್ಸ್ ಎಲ್ಲರೂ ಓದ್ತಾರೆ. ಓದೋವರೆಗೆ ತೊಂದರೆ ಇಲ್ಲ. ಯಾರಿಗಾದ್ರೂ ಅದರ ಮೇಲೆ ಪೆನ್ನಲ್ಲಿ ಗೀಚಬೇಕು ಅಂತಿದ್ರೆ, ಮೊದಲು ಜೆರಾಕ್ಸ್ ಮಾಡಿಸಿ, ಆಮೇಲೆ ಗೀಚು. ಕರ್ನಲ್ ಮಾಡೋದೂ ಇದನ್ನೇ. ಎಲ್ಲ ಆ್ಯಪ್‌ಗಳಿಗೂ ಬೇಕಾದ ಸಿಸ್ಟಮ್ ಫೈಲ್‌ಗಳು ರ‍್ಯಾಮ್‌ನಲ್ಲಿ ಒಂದೇ ಪ್ರತಿ ಇರುತ್ತೆ, ಎಲ್ಲರ ಪುಸ್ತಕದಲ್ಲೂ ಆ ಒಂದೇ ಪ್ರತಿಯ ವಿಳಾಸ, ಪಕ್ಕದಲ್ಲಿ "ಓದಲು ಮಾತ್ರ" ಅನ್ನೋ ಗುರುತು. ಬರೆಯೋಕೆ ಹೊರಟವರಿಗೆ ಆ ಕ್ಷಣದಲ್ಲಿ ಬೇರೆ ಪ್ರತಿ. ಇದಕ್ಕೆ ಕಾಪಿ ಆನ್ ರೈಟ್ ಅಂತ ಹೆಸರು, ಚಿಕ್ಕದಾಗಿ ಕೌ. ಕಡಿಮೆ ರ‍್ಯಾಮ್‌ನ ಫೋನ್‌ಗಳು ಓಡ್ತಿರೋದೇ ಈ ಹಂಚಿಕೆಯಿಂದ.

2016ರ ಅಕ್ಟೋಬರ್‌ನಲ್ಲಿ ಇದರೊಳಗಿನ ಒಂದು ಬಿರುಕು ಹೊರಬಿತ್ತು. ಹೆಸರು ಡರ್ಟಿ ಕೌ. ಕೊಳಕು ಹಸು! ಹಸು ಪಾಪ, ಅದರದ್ದೇನೂ ತಪ್ಪಿಲ್ಲ. ಪತ್ತೆ ಹಚ್ಚಿದ್ದು ಫಿಲ್ ಓಸ್ಟರ್ ಅನ್ನೋವರು.

ಆಗ್ತಿದ್ದದ್ದು ಇಷ್ಟು. ಒಂದು ದುಷ್ಟ ಆ್ಯಪ್ "ಈ ಫೈಲ್ ಮೇಲೆ ಬರೀಬೇಕು" ಅಂತ ಚೀಟಿ ಕೊಡುತ್ತೆ. ಕರ್ನಲ್ ನಿಯಮದಂತೆ ಜೆರಾಕ್ಸ್ ಮಾಡುತ್ತೆ. ಜೆರಾಕ್ಸ್ ಆಯ್ತಲ್ಲ, ಇನ್ನೇನು ಭಯ ಅಂತ ಚೀಟಿಯಲ್ಲಿದ್ದ "ಬರೀಬೇಕು" ಅನ್ನೋ ಪದವನ್ನ ಹೊಡೆದುಹಾಕುತ್ತೆ. ಅದೇ ಕ್ಷಣ ಆ ಆ್ಯಪ್‌ನ ಇನ್ನೊಂದು ಕೈ, ಅಂದ್ರೆ ಇನ್ನೊಂದು ಥ್ರೆಡ್, "ಆ ಜೆರಾಕ್ಸ್ ನನಗೆ ಬೇಡ, ಎಸೆದುಬಿಡು" ಅನ್ನುತ್ತೆ. ಎಸೆದಾಯ್ತು. ಕರ್ನಲ್ ಮತ್ತೆ ಪುಸ್ತಕ ನೋಡುತ್ತೆ: ಪ್ರತಿ ಇಲ್ಲ. ಚೀಟಿ ನೋಡುತ್ತೆ: ಬರೆಯೋ ಮಾತೇ ಇಲ್ಲ, ಓದೋಕೆ ತಾನೇ, ಮೂಲ ಪ್ರತಿಯನ್ನೇ ಕೊಡೋಣ. ಕೊಡುತ್ತೆ. ಪೆನ್ನು ಮಾತ್ರ ಇನ್ನೂ ಕೈಯಲ್ಲೇ ಇದೆ!

ಒಂದು ಸಲಕ್ಕೆ ಇದು ಕೂಡಿಬರೋದು ಅಪರೂಪ. ಆದರೆ ಕಂಪ್ಯೂಟರ್‌ಗೆ ಲಕ್ಷ ಸಲ ಪ್ರಯತ್ನ ಮಾಡೋಕೆ ಬೇಸರ ಇಲ್ಲ. ಒಂದು ಸಲ ಗೆದ್ದರೆ ಸಾಕು, ಎಲ್ಲರೂ ನಂಬಿರೋ ಸಿಸ್ಟಮ್ ಫೈಲ್‌ನೊಳಗೆ ಅವರ ಬರಹ, ಆಮೇಲೆ ಇಡೀ ಫೋನು ಅವರದು.

ನನಗೆ ಆಶ್ಚರ್ಯ ಆಗೋದು ವಯಸ್ಸು. ಈ ಬಿರುಕು 2007ರ ಕರ್ನಲ್‌ನಿಂದಲೇ ಇತ್ತು. ಒಂಬತ್ತು ವರ್ಷ ಎಲ್ಲರ ಕಣ್ಣೆದುರೇ. ಓಪನ್ ಸೋರ್ಸ್ ಅಂದ್ರೆ ಯಾರಾದ್ರೂ ನೋಡಿರ್ತಾರೆ ಅಂತ ನಾವು ಅಂದ್ಕೋತೀವಿ. ಇಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರೇ 2016ಕ್ಕೂ ಹನ್ನೊಂದು ವರ್ಷ ಮೊದಲೇ ಇದನ್ನ ಸರಿಮಾಡೋಕೆ ನೋಡಿದ್ದರು, ಐಬಿಎಂನ ದೊಡ್ಡ ಯಂತ್ರಗಳಲ್ಲಿ ಆ ರಿಪೇರಿಯಿಂದ ತೊಂದರೆಯಾಗಿ ಅದನ್ನ ವಾಪಸ್ ತೆಗೆದರು. 2016ರ ರಿಪೇರಿಯ ಟಿಪ್ಪಣಿಯಲ್ಲಿ ಅವರೇ ಇದನ್ನ ಬರೆದಿದ್ದಾರೆ. ಆ ರಿಪೇರಿಯೂ ಪೂರ್ತಿ ಆಗಿರಲಿಲ್ಲ: ದೊಡ್ಡ ಗಾತ್ರದ ಪೇಜ್‌ಗಳಲ್ಲಿ ಉಳಿದಿದ್ದ ಸಂದು 2017ರ ಕೊನೆಗೆ ಸಿಕ್ಕಿತು.

ಆಂಡ್ರಾಯ್ಡ್‌ಗೆ ಗೂಗಲ್ 2016ರ ಡಿಸೆಂಬರ್ ಅಪ್‌ಡೇಟ್‌ನಲ್ಲೇ ರಿಪೇರಿ ಕೊಟ್ಟಿತ್ತು. ಆದರೂ 2017ರ ಸೆಪ್ಟೆಂಬರ್‌ನಲ್ಲಿ ಟ್ರೆಂಡ್ ಮೈಕ್ರೋ ಸಂಸ್ಥೆಯವರು ಝಡ್‌ಎನ್‌ಐಯು ಅನ್ನೋ ಮಾಲ್‌ವೇರ್ ಹಿಡಿದರು. ಅದು ಫೋನಿನ ಪೂರ್ತಿ ಹಿಡಿತ ಪಡೀತಿದ್ದದ್ದು ಇದೇ ಹಳೇ ಬಿರುಕಿನಿಂದ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ರಿಪೇರಿ ಇತ್ತು, ಆ ಫೋನ್‌ಗಳಿಗೆ ತಲುಪಿರಲಿಲ್ಲ. ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋ ನಾವು, ಅಪ್‌ಡೇಟ್ ಎಷ್ಟು ವರ್ಷ ಬರುತ್ತೆ ಅಂತ ಕೇಳೋದು ಕಮ್ಮಿ. ಅಂಗಡಿಯವರೂ ಹೇಳಲ್ಲ.

ಈಗ ಸೆಟ್ಟಿಂಗ್ಸ್‌ಗೆ ಹೋಗಿ, ಫೋನ್ ಬಗ್ಗೆ ಮಾಹಿತಿ ಇರೋ ಜಾಗದಲ್ಲಿ ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್ ಅಂತ ಒಂದು ದಿನಾಂಕ ಇರುತ್ತೆ, ನೋಡಿ. ನಿಮ್ಮದು ನೋಡಿದ ಮೇಲೆ ಮನೆಯಲ್ಲಿ ಅಮ್ಮನ ಫೋನು, ಅಜ್ಜನ ಕೈಗೆ ದಾಟಿಸಿರೋ ನಿಮ್ಮ ಹಳೇ ಫೋನು, ಅವನ್ನೂ ನೋಡಿ. ಆ ದಿನಾಂಕ ಎರಡು ಮೂರು ವರ್ಷ ಹಿಂದಿನದಾಗಿದ್ರೆ, ಅದರಲ್ಲಿ ಯುಪಿಐ ಇಟ್ಕೊಳ್ಳೋದು ಬೇಡ ಅಂತ ಅವರಿಗೆ ನೀವೇ ಹೇಳಿ.