ಸಮಾಧಿ ಕಲ್ಲನ್ನು ಓದುವುದು ಹೇಗೆ?



ಬೆಳಗಾವಿಯ ರವಿವಾರ ಪೇಟೆ ಎಂದೊಡನೆ ಕಣ್ಣಿಗೆ ಕಟ್ಟುವುದು ವ್ಯಾಪಾರದ ಗದ್ದಲ. ಇದೇ ಊರಿಗೆ ಸದ್ದಿಲ್ಲದ ಇನ್ನೊಂದು ಇತಿಹಾಸವೂ ಇದೆ. ಅದು ಹಳೆಯ ಕ್ರೈಸ್ತ ಸಭೆಗಳದು, ಅವುಗಳ ಸಮಾಧಿಭೂಮಿಗಳದು.

1818ರಲ್ಲಿ ಥಾಮಸ್ ಮನ್ರೋನ ಸೈನ್ಯ ಬೆಳಗಾವಿಯ ಕೋಟೆಯನ್ನು ಹಿಡಿಯಿತು. ಎರಡು ವರ್ಷಗಳ ನಂತರ, 1820ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಇಲ್ಲಿಗೆ ಬಂದರು. 1795ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಹಲವು ಪಂಗಡಗಳಲ್ಲಿ ಪ್ರೆಸ್ಬಿಟೇರಿಯನ್ನರೂ ಇದ್ದರು. 'ಪ್ರೆಸ್ಬಿಟರ್' ಎಂಬುದು ಗ್ರೀಕ್ ಮೂಲದ ಪದ; 'ಹಿರಿಯ' ಎಂದು ಅದರ ಅರ್ಥ. ಬಿಷಪ್ಪರ ಬದಲು ಹಿರಿಯರ ಮಂಡಳಿ ಸಭೆಯನ್ನು ನಡೆಸುವುದು ಅವರ ಪದ್ಧತಿ. ಟೇಲರರ ತರುವಾಯ ಬಂದ ವಿಲಿಯಂ ಬೆನನ್ ಅವರ ಹೆಸರು ಬೆಳಗಾವಿಯ ಬೆನನ್ ಸ್ಮಿತ್ ಶಾಲೆಯಲ್ಲಿ ಉಳಿದಿದೆ. ಆ ಶಾಲೆಯ ಮೂಲ 1832ರಷ್ಟು ಹಳೆಯದು. 1904ರಲ್ಲಿ ಈ ಮಿಷನ್ ಅಮೆರಿಕದ ಮೆಥಡಿಸ್ಟರ ಕೈಸೇರಿತು.

ಕೈ ಬದಲಾದರೂ ಉಳಿಯುವ ದಾಖಲೆಗಳು ಎರಡು: ಸಮಾಧಿಯ ಕಲ್ಲು ಮತ್ತು ಚರ್ಚಿನ ಪುಸ್ತಕ. ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರ ಇವನ್ನು ಚರ್ಚುಗಳು ಬರೆದಿಡುತ್ತಿದ್ದವು. ಕಂಪನಿಯ ಕಾಲದಲ್ಲಿ ಇಂಥ ದಾಖಲೆಗಳ ಪ್ರತಿಗಳನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಲ್ಲು ಕೆತ್ತಿಸಲು ಹಣ ಬೇಕು. ಆದ್ದರಿಂದ ಬಡವರ ಸಮಾಧಿಗಳಿಗೆ ಕಲ್ಲು ಇರುವುದು ಅಪರೂಪ. ಅಂಥವರ ಹೆಸರು ಉಳಿದಿದ್ದರೆ ಪುಸ್ತಕದಲ್ಲಿ ಮಾತ್ರ.

ಕಲ್ಲು ಸುಳ್ಳು ಹೇಳದಿರಬಹುದು. ಆದರೆ ಅದು ನಿಲ್ಲಿಸಿದವರ ಮಾತನ್ನಷ್ಟೇ ಹೇಳುತ್ತದೆ. ಒಂದು ಉದಾಹರಣೆ ನೋಡೋಣ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದ. ಅವನ ನೆನಪಿಗೆ ಇಂಗ್ಲಿಷರು ಧಾರವಾಡದಲ್ಲಿ ಸ್ಮಾರಕ ಸ್ತಂಭವನ್ನು ನಿಲ್ಲಿಸಿದರು. ಅದೇ ದಿನ ನಮಗೆ ರಾಣಿ ಚೆನ್ನಮ್ಮನ ವಿಜಯದ ದಿನ. 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ಯುದ್ಧ ಒಂದೇ, ಸ್ಮಾರಕ ಎರಡು. ಒಂದನ್ನೇ ನೋಡಿ ಬಂದವನಿಗೆ ಅರ್ಧ ಇತಿಹಾಸವಷ್ಟೇ ದೊರೆಯುತ್ತದೆ.

ಆದ್ದರಿಂದ ನಿಮಗೊಂದು ಕೆಲಸ. ನಿಮ್ಮೂರಿನ ಹಳೆಯ ಸಮಾಧಿಭೂಮಿಗೆ, ಅದನ್ನು ನೋಡಿಕೊಳ್ಳುವವರ ಅನುಮತಿ ಪಡೆದು, ಗುರುಗಳೊಡನೆ ಹೋಗಿರಿ. ಹೆಸರು, ಇಸವಿ, ವಯಸ್ಸು, ಊರು, ಭಾಷೆ ಇವನ್ನು ಕಂಡಂತೆ ಬರೆದುಕೊಳ್ಳಿರಿ. ಒಂದೇ ವರ್ಷದಲ್ಲಿ ಹಲವು ಸಾವುಗಳಿದ್ದರೆ ಕಾರಣವೇನೆಂದು ಕೇಳಿರಿ: ಕಾಲರಾವೇ, ಪ್ಲೇಗೇ, ಯುದ್ಧವೇ? ಅಕ್ಷರ ಮಸುಕಾಗಿದೆಯೆಂದು ಸೀಮೆಸುಣ್ಣ ತಿಕ್ಕಬೇಡಿರಿ, ಆಮ್ಲ ಹಾಕಿ ತೊಳೆಯಬೇಡಿರಿ, ಕಲ್ಲು ಸವೆಯುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ನೋಡಿದರೆ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.

ಮಳೆ, ಬೇರು, ಅಲಕ್ಷ್ಯ ಈ ಮೂರೂ ಸೇರಿ ವರ್ಷವರ್ಷವೂ ಒಂದಿಷ್ಟು ಅಕ್ಷರಗಳನ್ನು ಅಳಿಸುತ್ತಿವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದ ಹೆಸರು ಅಷ್ಟರಮಟ್ಟಿಗೆ ಉಳಿಯಿತು. ಅದು ಯಾವ ಮತದವರ ಹೆಸರೇ ಆಗಿರಲಿ, ನಮ್ಮ ಊರಿನ ಮಣ್ಣಿನಲ್ಲಿ ಮಲಗಿದವರ ಹೆಸರು.